ಸ್ವಾಮಿ ಕಚ್ಚಿದ್ದು ಯಾರನ್ನ?

ಮೊನ್ನೆ ಮಗನಿಗೆ ಮೊಬೈಲಿನಲ್ಲಿ 'ಮಾಲ್ಗುಡಿ ಡೇಸ್' ತೋರಿಸಿದೆ. ಸ್ವಾಮಿಯ ಅಪ್ಪ ಪೇಪರಿನಲ್ಲಿ ಹುಲಿ ಜೊತೆ ಹೋರಾಡಿದ ಹುಡುಗನ ಸುದ್ದಿ ಓದಿ, ಧೈರ್ಯ ಇದ್ದರೆ ಇವತ್ತು ರಾತ್ರಿ ಆಫೀಸ್ ಕೋಣೆಯಲ್ಲಿ ಒಬ್ಬನೇ ಮಲಗು ಅನ್ನುವ ಕಂತು. ಹುಡುಗ ಹೆದರಿ ಬೆಂಚಿನ ಕೆಳಗೆ ತೂರಿಕೊಳ್ಳುತ್ತಾನೆ. ಕತ್ತಲಲ್ಲಿ ಯಾರೋ ಬಂದ ಹಾಗಾಗುತ್ತದೆ. ಕಾಲಿಗೆ ಬಾಯಿ ಹಾಕುತ್ತಾನೆ.

ಮೂರನೇ ಕ್ಲಾಸಿನಲ್ಲಿದ್ದಾಗ ನಾನು ಇದನ್ನ ನೋಡಿದ್ದೆ. ಕಚ್ಚುವ ತನಕ ಮಾತ್ರ. ಶಿರಸಿ ಕಡೆಯ ಮಳೆಗಾಲ. ಟಿವಿ ನೋಡೋದು ಅಂದರೆ ಮನೆಮಂದಿಗೆಲ್ಲ ಕೆಲಸ. ಒಬ್ಬ ಕೊಡೆ ಹಿಡಿದು ಆಂಟೆನಾ ಕಟ್ಟಿದ ಬಿದಿರು ತಿರುಗಿಸಬೇಕು, ಇನ್ನೊಬ್ಬ ಕಿಟಕಿಯಿಂದ "ಬಂತು, ಬಂತು, ಹೋತು" ಅಂತ ಕೂಗಬೇಕು. ಹಿಂದಿ ಯಾರಿಗೂ ಅಷ್ಟಕ್ಕಷ್ಟೇ. ಅಪ್ಪಯ್ಯನದೇ ಕಾಮೆಂಟರಿ. ಅದರಲ್ಲೂ ಅರ್ಧ ಕಥೆಯದ್ದಲ್ಲ. ಸ್ವಾಮಿಯ ಅಪ್ಪ ಆದ ಗಿರೀಶ ಕಾರ್ನಾಡರು ಬೆಳೆದದ್ದು ಶಿರಸಿಯಲ್ಲಿ, ನಿರ್ದೇಶಕ ಶಂಕರ್ ನಾಗ್ ಹೊನ್ನಾವರ ಕಡೆಯವರು. ಹಾಗಾಗಿ ಆಗುಂಬೆಯಲ್ಲಿ ತೆಗೆದರೂ ಮಾಲ್ಗುಡಿ ನಮ್ಮ ಜಿಲ್ಲೆಯದೇ ಅಂತ ಅವರ ವಾದ. ಅದು ಮುಗಿಯುವಷ್ಟರಲ್ಲಿ ಸ್ವಾಮಿ ಬಾಯಿ ತೆರೆದ, ಕರೆಂಟು ಹೋಯಿತು.

"ಕಚ್ಚಿದ್ದು ಯಾರನ್ನ ಅಪ್ಪಯ್ಯಾ?"

ಗೊತ್ತಿಲ್ಲ ಅನ್ನುವ ಅಭ್ಯಾಸ ಅವರಿಗಿಲ್ಲ. "ಕಳ್ಳ ಅಲ್ದೋ ಮಾಣಿ, ಅವನ ಅಪ್ಪನೇಯ. ಪರೀಕ್ಷೆ ಮಾಡಲೆ ಬಂದಿದ್ದ."

ಮೂರ್ನಾಲ್ಕು ದಿನ ಬಿಟ್ಟು ನನಗೂ ಹುಕಿ ಬಂತು. ಜಗಲಿಯಲ್ಲಿ ಒಬ್ಬನೇ ಮಲಗುತ್ತೇನೆ ಅಂದೆ. ಧೈರ್ಯ ಏನಲ್ಲ, ಬರೋದು ಹೇಗೂ ಅಪ್ಪಯ್ಯನೇ ಅಲ್ವಾ! ನಡುರಾತ್ರಿ ಕಂಬಳಿ ಮೆಲ್ಲಗೆ ಜಾರತೊಡಗಿತು. ಯಾರೋ ಎಳೆಯುತ್ತಿದ್ದಾರೆ. ಕೆನ್ನೆಗೆ ಬುಸ್ ಅಂತ ಬಿಸಿ ಉಸಿರು. ಅಪ್ಪಯ್ಯನ ಎಲೆಯಡಿಕೆ ಕವಳದ ವಾಸನೆ ಇಲ್ಲ, ಬರೀ ಹುಲ್ಲಿನ ವಾಸನೆ. ಅಪ್ಪಯ್ಯ ಭಾರಿ ತಯಾರಿ ಮಾಡಿಕೊಂಡೇ ಬಂದಿದ್ದಾರೆ ಅಂದುಕೊಂಡೆ. "ಯಂಗೆ ಗೊತ್ತಾತು ಅಪ್ಪಯ್ಯಾ, ಸಾಕು" ಅಂತ ಕಾಲು ಹಿಡಿದೆ. ಕಾಲು ಸಪೂರ ಇತ್ತು. ಒದ್ದೆಯಾಗಿತ್ತು. ಕೆಳಗೆ ಗೊರಸಿತ್ತು.

ಹಗ್ಗ ಹರಿದುಕೊಂಡು ಬಂದ ಗೌರಿಯ ಕರು ಒಂದೇ ಒದೆ ಕೊಟ್ಟಿತು. ನಾನು ಅಂಗಳದ ಕೆಸರಿನಲ್ಲಿದ್ದೆ. ಆಯಿ ಲಾಟೀನು ಹಿಡಿದು ಓಡಿ ಬಂದಳು. ಕಂಬಳಿಯ ಮೂಲೆ ಕರುವಿನ ಬಾಯಲ್ಲೇ ಉಳಿಯಿತು. ಪರೀಕ್ಷೆ ಮಾಡಬೇಕಾದವರು ಅಷ್ಟು ಗಲಾಟೆಗೂ ಏಳಲಿಲ್ಲ, ಗೊರಕೆ ಜಗಲಿಯ ತನಕ ಕೇಳುತ್ತಿತ್ತು. ಮರುದಿನದಿಂದ ನನ್ನ ಹಾಸಿಗೆ ಅಮ್ಮಮ್ಮನ ಪಕ್ಕಕ್ಕೆ.

ಈಗ ಮೊಬೈಲಿನಲ್ಲಿ ಸಿಕ್ಕಿಬಿದ್ದವನು ಅಸಲಿ ಕಳ್ಳ. ಸ್ವಾಮಿಯೂ ಕೊನೆಗೆ ಹೋಗಿ ಮಲಗುವುದು ಅಜ್ಜಿಯ ಪಕ್ಕದಲ್ಲೇ, ಅದೊಂದು ಸಮಾಧಾನ. 80 ದಾಟಿದ ಅಪ್ಪಯ್ಯ ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ಇದಲ್ದೋ," ಅಂದರು ಕವಳದ ಬಟ್ಟಲು ಎಳೆದುಕೊಳ್ಳುತ್ತಾ. "ನಾ ಹೇಳಿದ್ದು ಬೇರೆ ಕಂತು."