ಅಂಗಾತ ಮಲಗಿ ಓದುವ ಇಸವಿ

ಕರಾವಳಿಯ ಸಣ್ಣ ಊರುಗಳಲ್ಲಿ ಮನೆ ಎಷ್ಟು ಹಳೆಯದು ಎಂಬ ಮಾತು ಬಂದರೆ ಮನೆಯವರ ಕಣ್ಣು ತಾನಾಗಿ ಮೇಲಕ್ಕೆ ಹೋಗುತ್ತದೆ. ಮುಚ್ಚಿಗೆಯಿಲ್ಲದ ಬಚ್ಚಲಲ್ಲೋ ಕೊಟ್ಟಿಗೆಯಲ್ಲೋ ಹೆಂಚಿನ ಅಡಿಭಾಗದಲ್ಲಿ, ಮಸಿ ಹಿಡಿದ ಉಬ್ಬಕ್ಷರದಲ್ಲಿ, 1865 ಎಂದು ಕಾಣುತ್ತದೆ. ಅಲ್ಲಿಗೆ ಮನೆಗೆ ನೂರೈವತ್ತು ದಾಟಿತೆಂದು ತೀರ್ಪಾಯಿತು. ನೆಂಟರಿಗೂ ಅದೇ ಲೆಕ್ಕ ಹೇಳಿಯಾಯಿತು.

ಪಾಪ, ಆ ಇಸವಿ ಮನೆಯದ್ದಲ್ಲ. ಹೆಂಚಿನದ್ದೂ ಅಲ್ಲ, ಕಾರ್ಖಾನೆಯದ್ದು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚು ಸುಡಲು ಶುರುಮಾಡಿದ್ದು 1865ರಲ್ಲಿ. ಆಮೇಲೆ ದಶಕಗಟ್ಟಲೆ ಹೊರಬಂದ ಹೆಂಚಿಗೂ ಅದೇ ಅಚ್ಚು. ಇನ್ನೊಂದು ಕಂಪನಿಯಾದ ಅಲ್ಬುಕರ್ಕ್‌ನ ಹೆಂಚಿನ 1868ಕ್ಕೂ ಇದೇ ಕಥೆ. ಅಂಗಡಿಯ ಬೋರ್ಡಿನಲ್ಲಿ ಬರೆದ ಸ್ಥಾಪನೆಯ ವರ್ಷ ನೋಡಿ, ಒಳಗಿರುವ ಬೇಳೆಯೂ ಅಷ್ಟೇ ಹಳೆಯದು ಎಂದ ಹಾಗೆ!

ಹಾಗೆಂದು ಹೆಂಚು ಸುಳ್ಳು ಹೇಳುವುದಿಲ್ಲ, ಓದುವವರು ಇಸವಿ ಬಿಟ್ಟು ಅಲ್ಲೇ ಅಚ್ಚಾದ ಕಂಪನಿಯ ಹೆಸರು ನೋಡಬೇಕು. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರಕಾರ ಮಿಷನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡಿತು. ಯುದ್ಧ ಮುಗಿದ ಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಹಾಗಾಗಿ ಟ್ರಸ್ಟಿನ ಹೆಸರಿದ್ದರೆ ಆ ಹೆಂಚು ಯುದ್ಧದ ನಂತರದ್ದು, ಜೊತೆಗೆ ಯಾವ ಇಸವಿ ಇದ್ದರೂ ಸರಿಯೇ. ಗೋಡೆ ಮಾತ್ರ ಅದಕ್ಕಿಂತ ಎಷ್ಟೋ ಹಳೆಯದಾಗಿರಬಹುದು. ಮೊದಲು ಮುಳಿಹುಲ್ಲು, ಆಮೇಲೆ ಕುಂಬಾರರ ನಾಡಹೆಂಚು, ಕೈಯಲ್ಲಿ ನಾಲ್ಕು ಕಾಸು ಆಡಿದಾಗ ಮಂಗಳೂರು ಹೆಂಚು. ಮನೆಯವರ ಸ್ಥಿತಿಗತಿ ಏರಿದ್ದು ಹೀಗೆ ತಲೆಯ ಮೇಲೆಯೇ ದಾಖಲಾಗಿದೆ.

ನಾಡಹೆಂಚು ಅರ್ಧ ಕೊಳವೆಯಂಥದ್ದು. ಒಂದನ್ನು ಅಂಗಾತ, ಮುಂದಿನದನ್ನು ಬೋರಲು ಹಾಕುತ್ತಾ ಹೋಗಬೇಕು. ಹಿಡಿದು ನಿಲ್ಲಿಸಲು ಅದಕ್ಕೆ ಕೊಕ್ಕೆಯಿಲ್ಲ. ಬೆಕ್ಕು ಓಡಿದರೂ ಜಾರುತ್ತದೆ, ಮಂಗಗಳು ಬಂದರಂತೂ ಕೇಳುವುದೇ ಬೇಡ. ಅದಕ್ಕೇ ಪ್ರತಿವರ್ಷ ಮಳೆಗೆ ಮುಂಚೆ ಮಾಡು, ಅಂದರೆ ಹೆಂಚಿನ ಸೂರು, ಕೈಯಾಡಿಸಿ ಸರಿಮಾಡಬೇಕಿತ್ತು. ಮಂಗಳೂರು ಹೆಂಚಿನ ಜಾಣತನ ಇರುವುದು ಅಡಿಯ ಎರಡು ಗುಬುಟುಗಳಲ್ಲಿ, ಅಂದರೆ ಉಬ್ಬುಗಳಲ್ಲಿ, ಮತ್ತು ಅಂಚಿನ ಗಾಡಿಯಲ್ಲಿ, ಅಂದರೆ ಉದ್ದಕ್ಕೆ ಕೊರೆದಂತಿರುವ ತೋಡಿನಲ್ಲಿ. ಗುಬುಟು ರೀಪನ್ನು, ಅಂದರೆ ಹೆಂಚಿನಡಿಯ ಅಡ್ಡ ಮರಪಟ್ಟಿಯನ್ನು, ಕಚ್ಚುತ್ತದೆ, ಅಂಚು ಪಕ್ಕದ ಹೆಂಚಿನ ಗಾಡಿಯಲ್ಲಿ ಕೂರುತ್ತದೆ. ಒಂದೊಂದು ಸುಮಾರು ಎರಡೂವರೆ ಕಿಲೋ, 100 ಚದರಡಿಗೆ ಹತ್ತಿರಹತ್ತಿರ 150 ಬೇಕು. ರೀಪಿನಿಂದ ರೀಪಿಗೆ ಒಂದಡಿಗಿಂತ ತುಸು ಹೆಚ್ಚು ಅಂತರ. ಆದರೆ ಟೇಪು ನಂಬಿ ಮೊಳೆ ಹೊಡೆದವರು ಕೆಟ್ಟರು. ತಂದ ಹೆಂಚನ್ನೇ ಎರಡು ಸಾಲು ಇಟ್ಟು ನೋಡಿಯೇ ಹೊಡೆಯಬೇಕು, ಏಕೆಂದರೆ ಕಂಪನಿಯಿಂದ ಕಂಪನಿಗೆ ಅಚ್ಚು ಕೂದಲೆಳೆಯಷ್ಟು ಬೇರೆ. ಒಡೆದ ಹೆಂಚಿನ ಜಾಗಕ್ಕೆ ಬೇರೆ ಹೆಸರಿನದು ತಂದರೆ ಒಂದೋ ಕೂರುವುದಿಲ್ಲ, ಕೂತರೂ ಗಾಡಿಯಲ್ಲಿ ಸಂದು ಬಿಡುತ್ತದೆ. ಬಚ್ಚಲಿನ ಹಿಂದೆ ಗೋಡೆಗೊರಗಿಸಿ ನಿಲ್ಲಿಸಿದ ಐವತ್ತು ಹಳೇ ಹೆಂಚಿಗೆ ಚೇಳುಗಳ ಛತ್ರ ಎಂಬ ಕೆಟ್ಟ ಹೆಸರಿದ್ದರೂ ಯಾರೂ ಅದನ್ನು ಎಸೆಯದಿರುವುದು ಇದಕ್ಕೇ.

ಸೋರುವುದರದ್ದೇ ಒಂದು ಶಾಸ್ತ್ರ. ನೀರು ತೊಟ್ಟಿಕ್ಕುವ ಜಾಗದ ನೇರ ಮೇಲೆ ತೂತಿರುವುದು ಅಪರೂಪ. ಒಳಗೆ ನುಗ್ಗಿದ ಹನಿ ಹೆಂಚಿನ ಹೊಟ್ಟೆಗೆ ಅಂಟಿಕೊಂಡೇ ಇಳಿದು, ರೀಪು ಸಿಕ್ಕಲ್ಲಿ ತಡೆದು, ರೀಪು ಹೊತ್ತ ಇಳಿಜಾರು ತೊಲೆಯಾದ ಪಕ್ಕಾಸು ಹಿಡಿದು ಜಾರಿ, ಎಲ್ಲೋ ಬೀಳುತ್ತದೆ. ಪಾತ್ರೆ ಇಟ್ಟ ಜಾಗದಿಂದ ಇಳಿಜಾರಿನ ಮೇಲ್ಮುಖವಾಗಿ ಹುಡುಕಬೇಕು. ಮಳೆಯಲ್ಲಿ ಹುಡುಕಿ ಫಲವಿಲ್ಲ. ಒಳ್ಳೆ ಬಿಸಿಲಿನ ಮಧ್ಯಾಹ್ನ ಬಾಗಿಲು ಕಿಟಕಿ ಮುಚ್ಚಿ ಕತ್ತಲು ಮಾಡಿಕೊಂಡರೆ ಸಂದುಗಳು ನಕ್ಷತ್ರದಂತೆ ಹೊಳೆಯುತ್ತವೆ. ಆ ಬೆಳಕಿಗೆ ಕೆಳಗಿನಿಂದ ಹಿಡಿಸೂಡಿಯ ಕಡ್ಡಿ ತೂರಿಸಿ ಬಿಟ್ಟರೆ, ಮಾಡಿನ ಮೇಲಿದ್ದವನಿಗೆ ನೆಟ್ಟಗೆ ನಿಂತ ಕಡ್ಡಿಯೇ ವಿಳಾಸ. ಅವನು ಮೇಲಿನ ಸಾಲಿನ ಹೆಂಚನ್ನು ಎರಡು ಬೆರಳಷ್ಟು ಎತ್ತಿ, ಒಡೆದದ್ದನ್ನು ಎಳೆದು, ಹೊಸದನ್ನು ಜಾರಿಸಿ ಗುಬುಟು ಕಚ್ಚಿಸುತ್ತಾನೆ. ಹಾಕುವ ಮೊದಲು ಬೆರಳಿನಿಂದ ತಟ್ಟಿ ನೋಡುವುದು ವಾಡಿಕೆ: ಠಣ್ ಎಂದರೆ ಗಟ್ಟಿ, ಬೊದ್ದ ದನಿ ಬಂದರೆ ಒಳಗೆ ಬಿರುಕು. ಕಾಲಿಡುವುದು ಹೆಂಚಿನ ನಡುಹೊಟ್ಟೆಗಲ್ಲ, ಒಂದರ ಮೇಲೊಂದು ಕೂತು ಅಡಿಯಲ್ಲಿ ರೀಪು ಇರುವ ಕಡೆಗೆ. ಈ ಲೆಕ್ಕ ಗೊತ್ತಿಲ್ಲದವನು ಒಂದು ಸೋರಿಕೆ ನಿಲ್ಲಿಸಲು ಹತ್ತಿ ಮೂರು ಹೊಸದು ಮಾಡಿ ಇಳಿಯುತ್ತಾನೆ.

ನೆತ್ತಿಯ ಮೂಲೆಹೆಂಚಿಗೆ ಹಿಂದೆ ಸುಣ್ಣದ ಗಾರೆ ಹಾಕುತ್ತಿದ್ದರು, ಈಗ ಸಿಮೆಂಟು. ಮಾಡಿನ ಮರ ಬಿಸಿಲಿಗೆ, ಮಳೆಗೆ ಅಲುಗುತ್ತಲೇ ಇರುತ್ತದೆ. ಸುಣ್ಣ ಅದರೊಂದಿಗೆ ತುಸು ಬಾಗುತ್ತಿತ್ತು. ಸಿಮೆಂಟಿಗೆ ಆ ದಾಕ್ಷಿಣ್ಯವಿಲ್ಲ, ಬಿರಿಯುತ್ತದೆ.

ಅಡುಗೆಮನೆಯ ಗಾಜಿನ ಹೆಂಚಿನ ಬಗ್ಗೆ ಎರಡು ಮಾತು ಹೇಳದಿದ್ದರೆ ಅನ್ಯಾಯ. ಒಲೆಯ ಹೊಗೆಯೊಳಗೆ ಅದು ಇಳಿಸುವ ಬೆಳಕಿನ ಕೋಲು, ನೆಲದ ಮೇಲೆ ಅಂಗೈಯಗಲದ ಬಿಸಿಲ ಚೌಕ. ಚೌಕ ಒರಳಿಗೆ ಬಂದಾಗ ಅನ್ನಕ್ಕಿಡಬೇಕು, ಹೊಸ್ತಿಲು ಮುಟ್ಟುವಾಗ ಮಕ್ಕಳು ಶಾಲೆಯಿಂದ ಬರಬೇಕು. ತಿಂಗಳು ಕಳೆದ ಹಾಗೆ ಚೌಕವೂ ಸರಿಯುತ್ತದೆ, ಒರಳು ಅಲ್ಲೇ ಇರುತ್ತದೆ. ಅಡುಗೆಯವರು ಆ ತಿದ್ದುಪಡಿಯನ್ನು ಯಾರಿಗೂ ಹೇಳದೆ ಮನಸ್ಸಿನಲ್ಲೇ ಮಾಡಿಕೊಳ್ಳುತ್ತಿದ್ದರು.

ಈಗ ಹೆಂಚಿಳಿಸಿ ತಗಡು ಹೊದೆಸುವ ಕಾಲ. ಗೆದ್ದಲು ತಿಂದ ರೀಪು, ಹತ್ತಲು ಸಿಗದ ಆಳು, ವರ್ಷವರ್ಷದ ರಗಳೆ, ಯಾರನ್ನೂ ದೂರುವಂತಿಲ್ಲ. ಇಳಿಸುವ ಮುನ್ನ ಯಾವ ಕೋಣೆಯ ಮೇಲೆ ಯಾವ ಹೆಸರಿತ್ತು ಎಂದು ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡರೆ, ಜಗಲಿ ಮೊದಲೋ ಪಡಸಾಲೆ ಮೊದಲೋ ಎಂಬ ಮನೆಮಂದಿಯ ಹಳೇ ಜಗಳಕ್ಕೆ ಒಂದು ಸಾಕ್ಷಿಯಾದರೂ ಉಳಿದೀತು. ಅಂಗಳಕ್ಕೆ ಬಂದ ಮೇಲೆ ಎಲ್ಲವೂ ಒಂದೇ ರಾಶಿ.