ಕಲಿಕಾ ನ್ಯೂನತೆ ಇರುವ ಮಗುವಿಗೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡಬೇಕಾ?

ಡಿಸ್ಲೆಕ್ಸಿಯಾ (ಓದಲು ಕಷ್ಟವಾಗುವ ನ್ಯೂನತೆ), ಡಿಸ್‌ಗ್ರಾಫಿಯಾ (ಬರೆಯಲು ಕಷ್ಟವಾಗುವ ನ್ಯೂನತೆ) ಇರುವ ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೊಡುವ ಪದ್ಧತಿ ಇಂದು ಹಲವು ದೇಶಗಳಲ್ಲಿದೆ. ಕೆಲವು ಕಡೆ ಕಾಲು ಭಾಗ ಜಾಸ್ತಿ, ಕೆಲವು ಕಡೆ ಅರ್ಧದಷ್ಟು ಜಾಸ್ತಿ. ಇದು ಸರಿಯಾ ಎಂಬ ಪ್ರಶ್ನೆಗೆ ಎರಡು ಉತ್ತರಗಳನ್ನು ಬರೆದಿದ್ದೇನೆ. ನನ್ನ ಮನಸ್ಸು ಎರಡನೆಯದರ ಕಡೆ ವಾಲುತ್ತದೆ. ಆದರೆ ಮೊದಲನೆಯ ವಾದವನ್ನು ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ.

ಪರ: ಕೊಡಲೇಬೇಕು

1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲೆಂಡಿನ ವೈದ್ಯರು 14 ವರ್ಷದ ಹುಡುಗನೊಬ್ಬನ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಹುಡುಗ ಚುರುಕು, ಆಟದಲ್ಲೂ ಮುಂದು. ಓದು ಮಾತ್ರ ಹತ್ತುತ್ತಿರಲಿಲ್ಲ. ಪರ್ಸಿ ಎಂಬ ತನ್ನ ಹೆಸರನ್ನೇ ಅಕ್ಷರ ಹಿಂದುಮುಂದು ಮಾಡಿ ‘ಪ್ರೆಸಿ’ ಎಂದು ಬರೆದಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದರೆ ಇಡೀ ಶಾಲೆಗೆ ಇವನೇ ಜಾಣ ಎಂದು ಅವನ ಮೇಷ್ಟ್ರು ಹೇಳಿದ್ದರು. ಬುದ್ಧಿ ಬೇರೆ, ಓದಿನ ವೇಗ ಬೇರೆ ಎಂಬುದು ಅಂದೇ ಒಬ್ಬ ಮೇಷ್ಟ್ರಿಗೆ ಗೊತ್ತಾಗಿತ್ತು.

ಈಗ ಒಂದು ಲೆಕ್ಕ ನೋಡಿ. ‘ಒಂದು ತೊಟ್ಟಿಯನ್ನು ಮೊದಲನೆಯ ನಲ್ಲಿ 6 ಗಂಟೆಯಲ್ಲಿ ತುಂಬಿಸುತ್ತದೆ, ಎರಡನೆಯ ನಲ್ಲಿ 3 ಗಂಟೆಯಲ್ಲಿ ತುಂಬಿಸುತ್ತದೆ. ಎರಡನ್ನೂ ಒಟ್ಟಿಗೆ ತೆರೆದರೆ ಎಷ್ಟು ಹೊತ್ತು ಬೇಕು?’ ಓದು ಪಳಗಿದ ಮಗು ಇದರ ಮೇಲೆ ಕಣ್ಣಾಡಿಸಿ ನೇರ ಲೆಕ್ಕಕ್ಕೆ ಇಳಿಯುತ್ತದೆ. ಡಿಸ್ಲೆಕ್ಸಿಯಾ ಇರುವ ಮಗು ‘ತೊಟ್ಟಿ’ಯ ಒತ್ತಕ್ಷರದ ಹತ್ತಿರವೇ ತಡವರಿಸುತ್ತದೆ. ‘ತುಂಬಿಸುತ್ತದೆ’ ಎಂಬುದನ್ನು ಅಕ್ಷರ ಅಕ್ಷರವಾಗಿ ಕೂಡಿಸುವಷ್ಟರಲ್ಲಿ, 6 ಗಂಟೆ ಯಾವ ನಲ್ಲಿಗೆ ಎಂಬುದು ಮರೆತುಹೋಗಿರುತ್ತದೆ. ಮತ್ತೆ ಮೊದಲಿನಿಂದ ಓದುತ್ತದೆ. ಕೊನೆಗೆ 2 ಗಂಟೆ ಅಂತ ಸರಿ ಉತ್ತರವನ್ನೇ ಬರೆಯುತ್ತದೆ. ಅಷ್ಟರಲ್ಲಿ ಪಕ್ಕದ ಮಗು ಇನ್ನೂ ಎರಡು ಲೆಕ್ಕ ಮುಗಿಸಿರುತ್ತದೆ. ಈ ಪರೀಕ್ಷೆ ಅಳೆಯಲು ಹೊರಟಿದ್ದು ಗಣಿತವನ್ನು. ಅಳೆದಿದ್ದು ಓದಿನ ವೇಗವನ್ನು. ಡಿಸ್‌ಗ್ರಾಫಿಯಾ ಇರುವ ಮಗುವಿನದೂ ಇದೇ ಪಾಡು. ಉತ್ತರ ತಲೆಯಲ್ಲಿದೆ, ಕೈ ಓಡುವುದಿಲ್ಲ.

ಉಳಿದ ಮಕ್ಕಳಿಗೆ ಇದು ಅನ್ಯಾಯ ಅಲ್ವಾ ಎಂದು ಕೇಳುವವರಿದ್ದಾರೆ. ಎರಡೂ ಗುಂಪಿಗೆ ಹೆಚ್ಚು ಸಮಯ ಕೊಟ್ಟು ನೋಡಿದ ಅಧ್ಯಯನಗಳಿವೆ. ಅಂಕ ಎರಡೂ ಕಡೆ ಏರುತ್ತದೆ. ಆದರೆ ಒಟ್ಟಾರೆ ನೋಡಿದರೆ ನ್ಯೂನತೆ ಇರುವ ಮಕ್ಕಳಿಗೇ ಹೆಚ್ಚು ಏರಿದೆ. ಅಂದರೆ ಗಡಿಯಾರ ಹೆಚ್ಚು ಅಡ್ಡಿ ಮಾಡುತ್ತಿದ್ದುದು ಅವರಿಗೇ.

ಇದು ಯಾರೋ ಕನಿಕರಪಟ್ಟು ಕೊಡುವುದೂ ಅಲ್ಲ. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ, ಶಿಕ್ಷಣದಲ್ಲಿ ಅವರವರ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು ಎನ್ನುತ್ತದೆ. ಅಮೆರಿಕದ ಮನೋವೈದ್ಯರ ಸಂಘದ 2013ರ ಕೈಪಿಡಿ ಪ್ರಕಾರ ಶಾಲಾ ಮಕ್ಕಳಲ್ಲಿ ಶೇ. 5ರಿಂದ 15ರಷ್ಟು ಮಂದಿಗೆ ಕಲಿಕಾ ನ್ಯೂನತೆ ಇರುತ್ತದೆ. ಇವರಿಗೆ ‘ಮೊದಲು ಸರಿಯಾಗಿ ಓದಲು ಕಲಿ, ಆಮೇಲೆ ನೋಡೋಣ’ ಎನ್ನಲು ಆಗುವುದಿಲ್ಲ. ಪರೀಕ್ಷೆ ಈ ವರ್ಷವೇ ಇದೆ. ಫೇಲಾದರೆ ಆಗುವ ನಷ್ಟವೂ ಈ ವರ್ಷವೇ.

ವಿರೋಧ: ಸಮಯ ಕೊಟ್ಟು ಕೈತೊಳೆದುಕೊಳ್ಳಬೇಡಿ

ಶಾಲೆಯೊಂದು ಈ ಮಕ್ಕಳಿಗೆ ಮಾಡಬಹುದಾದ ಸಹಾಯಗಳಲ್ಲಿ ಅತಿ ಅಗ್ಗದ್ದು ಹೆಚ್ಚುವರಿ ಸಮಯ. ತರಬೇತಾದ ಶಿಕ್ಷಕರು ಬೇಡ, ಟೈಮ್‌ಟೇಬಲ್ ಬದಲಿಸಬೇಕಿಲ್ಲ. ಒಂದು ಕೊಠಡಿ, ಕಾಯಲು ಒಬ್ಬರು ಇದ್ದರೆ ಮುಗಿಯಿತು. ಅಗ್ಗ ಎಂಬ ಕಾರಣಕ್ಕೇ ಅದು ಮಿಕ್ಕೆಲ್ಲದರ ಜಾಗ ನುಂಗಿಬಿಡುತ್ತದೆ. ವರ್ಷವಿಡೀ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತ ಮಗುವಿಗೆ ವರ್ಷದ ಕೊನೆಯಲ್ಲಿ ಮುಕ್ಕಾಲು ಗಂಟೆ ಜಾಸ್ತಿ ಕೊಟ್ಟು, ನಾವು ಮಾಡಬೇಕಾದ್ದು ಮಾಡಿದೆವು ಎಂದುಕೊಳ್ಳುತ್ತೇವೆ. ನನಗೆ ಸಂಕಟ ಆಗುವುದು ಇಲ್ಲೇ.

ಏಕೆಂದರೆ ಓದು ಕಲಿಸುವ ದಾರಿ ನಮಗೆ ಗೊತ್ತಿದೆ. ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಶಿಕ್ಷಕಿ ಆನ್ನಾ ಗಿಲ್ಲಿಂಗ್‌ಹ್ಯಾಮ್ 1930ರ ದಶಕದಲ್ಲೇ ಈ ದಾರಿ ಹಾಕಿಕೊಟ್ಟರು. ದನಿ ಮತ್ತು ಅಕ್ಷರದ ನಂಟನ್ನು ಒಂದೊಂದಾಗಿ, ಕ್ರಮವಾಗಿ, ಕಣ್ಣು ಕಿವಿ ಕೈ ಮೂರನ್ನೂ ಬಳಸಿ ಕಲಿಸುವುದು. ಕನ್ನಡದಲ್ಲಿ ಹೇಳುವುದಾದರೆ ಹೀಗೆ: ಶಿಕ್ಷಕಿ ‘ಕಪ್ಪೆ’ ಎನ್ನುತ್ತಾರೆ. ಮಗು ಅದನ್ನು ಎಳೆದು ಹೇಳುತ್ತಾ, ಎಲ್ಲಿ ದನಿ ಒತ್ತಿ ನಿಲ್ಲುತ್ತದೋ ಅಲ್ಲಿ ಮೇಜು ತಟ್ಟುತ್ತದೆ. ಆಮೇಲೆ ‘ಪ’ದ ಕೆಳಗಿನ ಒತ್ತನ್ನು ಬೆರಳಿನಿಂದ ತಿದ್ದುತ್ತಾ ಆ ದನಿ ಹೇಳುತ್ತದೆ. ನಂತರ ಅಪ್ಪ, ತುಪ್ಪ, ಉಪ್ಪು. ಆ ದಿನ ಅಷ್ಟೇ. ಮಾರನೆಯ ದಿನ ಅದನ್ನೇ ಮತ್ತೊಮ್ಮೆ ಕೇಳಿ, ಗಟ್ಟಿಯಾಗಿದ್ದರೆ ಮುಂದಿನ ಒತ್ತು. ಇದಕ್ಕೆ ತಾಳ್ಮೆ ಬೇಕು, ತರಬೇತಿ ಬೇಕು, ದಿನವೂ ಬೇಕು. ಚಿಕ್ಕ ತರಗತಿಯಲ್ಲೇ ಶುರು ಮಾಡಿದರೆ ಫಲ ಹೆಚ್ಚು. ಹತ್ತನೇ ತರಗತಿಯ ಹೊಸ್ತಿಲಲ್ಲಿ ಎಚ್ಚೆತ್ತು ಹೆಚ್ಚುವರಿ ಸಮಯದ ಫಾರ್ಮ್ ತುಂಬಿಸುವ ಹೊತ್ತಿಗೆ ಕಲಿಸಲು ಹೇಳಿಮಾಡಿಸಿದ ವರ್ಷಗಳು ಕಳೆದುಹೋಗಿರುತ್ತವೆ.

ಇನ್ನೊಂದು ಮಾತು. ಸಮಯ ಎಲ್ಲರಿಗೂ ಒಂದೇ ತರಹ ಒದಗುವುದಿಲ್ಲ. ಪದವನ್ನೇ ಬಿಡಿಸಲಾರದ ಮಗುವಿಗೆ ಇನ್ನೊಂದು ಗಂಟೆ ಕೊಟ್ಟರೂ ಪದ ಬಿಡಿಸಿಕೊಳ್ಳುವುದಿಲ್ಲ. ಆ ಮಗುವಿಗೆ ಬೇಕಿರುವುದು ಪ್ರಶ್ನೆ ಓದಿ ಹೇಳುವವರು. ಗಮನ ನಿಲ್ಲದ ಮಗುವಿಗೆ ಮೂರು ಗಂಟೆಯ ಮೇಲೆ ಮತ್ತೊಂದು ಗಂಟೆ ಕೂರುವುದೇ ಶಿಕ್ಷೆ. ಆ ಮಗುವಿಗೆ ನಡುವೆ ಒಂದು ಬಿಡುವು ಸಾಕಿತ್ತು. ಮಗುವನ್ನು ನೋಡದೆ ಎಲ್ಲರಿಗೂ ಅಷ್ಟೇ ನಿಮಿಷ ಹಂಚುವುದನ್ನು ಬೆಂಬಲ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಹೆಚ್ಚುವರಿ ಸಮಯಕ್ಕೆ ಕೇಳುವ, ನ್ಯೂನತೆ ಇದೆ ಎಂಬ ಸರ್ಟಿಫಿಕೇಟ್ ವಿಷಯವಂತೂ ಇನ್ನೂ ಕಷ್ಟದ್ದು. ಅದಕ್ಕಾಗಿ ತಜ್ಞರಿಂದ ಅಸೆಸ್‌ಮೆಂಟ್ (ಮಗುವಿನ ಪರಿಶೀಲನೆ) ಮಾಡಿಸಲು ದುಡ್ಡು ಬೇಕು, ಓಡಾಡುವ ಪೋಷಕರು ಬೇಕು. 2019ರಲ್ಲಿ ಬಯಲಾದ ಅಮೆರಿಕದ ಕಾಲೇಜು ಪ್ರವೇಶ ಹಗರಣದಲ್ಲಿ, ಸಿರಿವಂತ ಪೋಷಕರು ಹೆಚ್ಚುವರಿ ಸಮಯ ಗಿಟ್ಟಿಸಲು ಮಕ್ಕಳಿಗೆ ಕಲಿಕಾ ನ್ಯೂನತೆಯ ಸರ್ಟಿಫಿಕೇಟ್ ಮಾಡಿಸಿಕೊಂಡಿದ್ದೂ ಹೊರಬಂತು. ಇತ್ತ ನಿಜವಾಗಿಯೂ ಒದ್ದಾಡುವ ಎಷ್ಟೋ ಮಕ್ಕಳಿಗೆ ‘ಸೋಮಾರಿ’ ಎಂಬ ಬೈಗುಳ ಬಿಟ್ಟರೆ ಬೇರೇನೂ ಸಿಕ್ಕಿರುವುದಿಲ್ಲ.

ಹಾಗಾದರೆ ಈಗ ಕೊಡುತ್ತಿರುವ ಸಮಯ ಕಿತ್ತುಕೊಳ್ಳಬೇಕಾ? ಖಂಡಿತ ಬೇಡ. ಅದರ ಬದಲು ಎಲ್ಲರಿಗೂ ಸಮಯ ಸಡಿಲ ಮಾಡಿ. ವೇಗವನ್ನೇ ಅಳೆಯಬೇಕಾದ ಪರೀಕ್ಷೆಗಳು ಕಡಿಮೆ. ಇತಿಹಾಸದ ಉತ್ತರಕ್ಕೆ, ವಿಜ್ಞಾನದ ಉತ್ತರಕ್ಕೆ ಗಡಿಯಾರದ ಹಂಗು ಯಾಕೆ? ಎರಡು ಗಂಟೆಯಲ್ಲಿ ಮುಗಿಯುವ ಪತ್ರಿಕೆ ತಯಾರಿಸಿ, ಮೂರು ಗಂಟೆ ಕೊಡಿ. ಆಗ ಹೆಚ್ಚಿನ ಮಕ್ಕಳಿಗೆ ಸರ್ಟಿಫಿಕೇಟೂ ಬೇಡ, ‘ಇವನು ಬೇರೆ’ ಎಂದು ತೋರಿಸುವ ಬೇರೆ ಕೊಠಡಿಯೂ ಬೇಡ. ಫಾರ್ಮ್, ಅಸೆಸ್‌ಮೆಂಟ್ ಅಂತ ಪ್ರತಿ ವರ್ಷ ಹೋಗುವ ಶ್ರಮ, ಹಣ ಉಳಿಯುತ್ತದೆ. ಅದನ್ನು ಒಂದನೇ, ಎರಡನೇ ತರಗತಿಯ ಶಿಕ್ಷಕರಿಗೆ ಓದು ಕಲಿಸುವ ತರಬೇತಿ ಕೊಡಲು ಬಳಸಿ. ಪ್ರತಿ ಶಾಲೆಗೂ ಇಂಥ ಮಕ್ಕಳಿಗೆ ಕಲಿಸಲು ತರಬೇತಾದ ಒಬ್ಬ ಸ್ಪೆಷಲ್ ಎಜುಕೇಟರ್ ಇರಲಿ. ಆಮೇಲೂ ಯಾವುದಾದರೂ ಮಗುವಿಗೆ ಸ್ಕ್ರೈಬ್ (ಮಗು ಹೇಳಿದ ಉತ್ತರ ಬರೆದುಕೊಡುವವರು) ಬೇಕಾದರೆ, ಇನ್ನೂ ಸ್ವಲ್ಪ ಸಮಯ ಬೇಕಾದರೆ, ಅದನ್ನು ವರ್ಷವಿಡೀ ಆ ಮಗುವಿಗೆ ಕಲಿಸಿದ ಶಿಕ್ಷಕರೇ ಹೇಳಲಿ.