ಫ್ರಿಜ್ಜಿನ ಬಾಗಿಲಲ್ಲಿ 5 ಎಂ.ಎಲ್.

ಕಾಸರಗೋಡಿನ ಬದಿಯಡ್ಕ ಕಡೆಯ ನಮ್ಮ ಕೂಡುಕುಟುಂಬದಲ್ಲಿ ಇನ್ನೂ ಪಾಲಾಗದ ಆಸ್ತಿ ಒಂದೇ. ಫ್ರಿಜ್ಜಿನ ಬಾಗಿಲಲ್ಲಿ ಕೂತಿರುವ 5 ಎಂ.ಎಲ್. ಕಣ್ಣಿನ ಮದ್ದು.

ಹೋದ ಮಳೆಗಾಲದಲ್ಲಿ ದೊಡ್ಡಪ್ಪನಿಗೆ ಡಾಕ್ಟರು ಬರೆದದ್ದು. ಮುಚ್ಚಳ ಒಡೆದು ನಾಲ್ಕು ವಾರ ಕಳೆದರೆ ಬಿಸಾಡಬೇಕಂತೆ. ಅಡಿಕೆ ಸಿಪ್ಪೆಯನ್ನೂ ಬಿಸಾಡದ ಮನೆ ಇದು. ಅರ್ಧ ಬಾಟಲಿ ಆಂಟಿಬಯೋಟಿಕ್ ಬಿಸಾಡ್ತಾರಾ?

ಈ ಸಲವೂ ಊರಿಗೆ ಕೆಂಗಣ್ಣು ಬಂತು. ನಾವು ಕೆಂಗಣ್ಣು ಅಂದೆವು, ಪಕ್ಕದ ಮಲಯಾಳಿ ಮನೆಯವರು ಚೆಂಕಣ್ಣ್ ಅಂದರು. ಪೇಪರಿನವರಿಗೆ ಮದ್ರಾಸ್ ಐ. 1996ರಲ್ಲಿ ಮದ್ರಾಸೇ ಚೆನ್ನೈ ಆಯಿತು, ಕಣ್ಣಿಗೆ ಮಾತ್ರ ಇನ್ನೂ ಆದೇಶ ಬಂದಿಲ್ಲ.

ಇದು ಹೆಚ್ಚಾಗಿ ವೈರಸ್ಸಿನ ಕೆಲಸ. ಆಂಟಿಬಯೋಟಿಕ್ ಅದರ ಕೂದಲನ್ನೂ ಕೊಂಕಿಸುವುದಿಲ್ಲ. ಒಂದೆರಡು ವಾರದಲ್ಲಿ ತಾನಾಗಿ ಹೋಗುತ್ತದೆ. ಹೋದ ಮೇಲೆ ಹೆಸರು ಬಾಟಲಿಗೆ.

ಮದ್ದು ಹಾಕುವುದು ಸಂಜೆ, ಚಾವಡಿಯಲ್ಲಿ. ಎಲ್ಲರೂ ಸಾಲಾಗಿ ಮಲಗಬೇಕು. ದೊಡ್ಡಮ್ಮ ಬಾಟಲಿಯ ಮೂತಿಯನ್ನು ಅಜ್ಜಿಯ ರೆಪ್ಪೆಗೆ ತಾಗಿಸಿ, ಅದೇ ಮೂತಿಯನ್ನು ಮಗುವಿನ ಕಣ್ಣಿಗೆ ಒಯ್ಯುತ್ತಾರೆ. ಯಾರಿಗೂ ಭೇದ ಇಲ್ಲ. ತಲಾ ಮೂರು ಹನಿ. ಕಣ್ಣಿನಲ್ಲಿ ಒಂದು ಹನಿಗಿಂತ ಜಾಸ್ತಿ ನಿಲ್ಲುವುದಿಲ್ಲ, ಉಳಿದದ್ದು ಕೆನ್ನೆಗೆ. ನಮ್ಮ ಮನೆಯವರ ಕೆನ್ನೆಗೆ ಇದುವರೆಗೆ ಒಂದು ಸೋಂಕೂ ತಗುಲಿಲ್ಲ!

ಬಾಟಲಿಯ ಮೇಲೆ ಎಲ್ಲ ಬರೆದಿದೆ ಅನ್ನುತ್ತಾರೆ. ಕನ್ನಡದ ಬೋರ್ಡಿಗಾಗಿ ಹೋರಾಡಿದ ಊರು ನಮ್ಮದು. ಆದರೆ ಈ ಅಕ್ಷರ ಯಾವ ಭಾಷೆಯದ್ದು ಅಂತ ತಿಳಿಯಲು ಮೊದಲು ಕಣ್ಣು ಸರಿಯಾಗಬೇಕು.

ಬಾಟಲಿ ತಳ ಕಂಡಾಗ ಭಾವ ಮದ್ದಿನಂಗಡಿಗೆ ಹೋದರು. ಅಂಗಡಿಯವರು ಡಾಕ್ಟರ ಚೀಟಿ ಕೇಳಿದರು. 2024ರಲ್ಲಿ ಕೇರಳದಲ್ಲಿ ಆಪರೇಷನ್ ಅಮೃತ್ ಶುರುವಾಗಿದೆ, ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರುವವರ ಮೇಲೆ ದಾಳಿ. ಭಾವನಿಗೆ ಸಿಟ್ಟು ಬಂತು. ತಲಪಾಡಿ ಗಡಿ ದಾಟಿ ಕರ್ನಾಟಕದಲ್ಲಿ ಡೀಸೆಲ್ ತುಂಬಿಸುವವರು ಅವರು, ಮದ್ದೂ ಅಲ್ಲೇ ತುಂಬಿಸಿದರು. ಚೀಟಿಯ ಕಾನೂನು ಇಡೀ ದೇಶದ್ದೇ. ಆದರೆ ಗಡಿ ದಾಟಿದವನಿಗೆ ಕಾನೂನೂ ಅಗ್ಗ ಅಂತ ಅನ್ನಿಸುತ್ತದೆ.

‘ಬೇಗ ಕೆಂಪು ಇಳಿಯುವಂಥದ್ದು ಕೊಡಿ’ ಅಂದರಂತೆ. ಸಿಕ್ಕಿತು, ಸ್ಟೀರಾಯ್ಡ್ ಬೆರೆಸಿದ್ದು. ಕೆಂಪು ಇಳಿಯುತ್ತದೆ, ನಿಜ. ಒಳಗೆ ಹರ್ಪಿಸ್ ಅನ್ನುವ ವೈರಸ್ಸಿನ ಹುಣ್ಣು ಇದ್ದರೆ ಅದು ಕೆರಳುತ್ತದೆ. ತಿಂಗಳುಗಟ್ಟಲೆ ಹಾಕುತ್ತಾ ಹೋದರೆ ಕಣ್ಣಿನ ಒತ್ತಡ ಏರಿ, ದೃಷ್ಟಿಯ ನರ ಹಾಳುಮಾಡುವ ಗ್ಲಾಕೋಮಾ ಬರಬಹುದು. ಇರಲಿ ಬಿಡಿ, ಮದುವೆ ಮನೆಯ ಫೋಟೋದಲ್ಲಿ ಕಣ್ಣು ಬೆಳ್ಳಗೆ ಬಂದರೆ ಸಾಕಲ್ವಾ.

ನಾನು ಸುಮ್ನೆ ಇರಲಾರದೆ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಟಾರ್ಚ್ ಹಾಕಿ ನೋಡಿದರು. ವೈರಸ್, ಆಂಟಿಬಯೋಟಿಕ್ ಬೇಡ, ತಣ್ಣೀರಲ್ಲಿ ಅದ್ದಿದ ಬಟ್ಟೆ ಇಡಿ, ಕೈ ತೊಳೀತಾ ಇರಿ, ಮುಖ ಒರೆಸುವ ಬೈರಾಸು ಬೇರೆ ಇಟ್ಟುಕೊಳ್ಳಿ, ನೋವು ಜಾಸ್ತಿಯಾದರೆ ಅಥವಾ ದೃಷ್ಟಿ ಮಂಜಾದರೆ ಕೂಡಲೇ ಬನ್ನಿ ಅಂದರು.

ಬರಿಗೈಲಿ ಮನೆಗೆ ಬಂದೆ. ಚಾವಡಿಯಲ್ಲಿ ಎಲ್ಲರೂ ಸಾಲಾಗಿ ಮಲಗಿದ್ದರು.

‘ಮದ್ದು ಎಲ್ಲಿ?’ ಅಂದರು ದೊಡ್ಡಮ್ಮ.

ಹೇಳಿದೆ.

‘ಕೈ ತೊಳೀಲಿಕ್ಕೆ ಹೇಳಿದ್ದಕ್ಕೆ ಫೀಸಾ?’ ಅಂತ ಎದ್ದು ಫ್ರಿಜ್ಜಿನ ಕಡೆ ನಡೆದರು.